ಆರನೇ ತಿಂಗಳು

ಹನ್ನೊಂದು ತಿಂಗಳ ಕರಾರು. ಆರಕ್ಕೇ ಎದ್ದೆ.
ವಾಸ್ಕೋದಲ್ಲಿ, ಬಂದರಿನ ಬೆನ್ನಿಗೆ,
ಎರ್ಮೆಲಿಂಡಾಬಾಯಿಯ ಮಾಳಿಗೆ ಕೋಣೆ,
ಇಪ್ಪತ್ತು ಸಾವಿರ ಠೇವಣಿ.

ನಮ್ಮ ಬೈಲಹೊಂಗಲದಲ್ಲಿ ಠೇವಣಿ ಅಂದರೆ ಚುನಾವಣೆಯ ಮಾತು.
ಕಳಕೊಂಡವನ ಹೆಸರು ಪೇಪರಿನ ಒಳಪುಟದಲ್ಲಿ
ಸಣ್ಣಕ್ಷರದಲ್ಲಿ ಬರುತ್ತದೆ,
ಚಹಾದಂಗಡಿಯವರು ಅದನ್ನೇ ಮೊದಲು ಓದುತ್ತಾರೆ.
ಅಣ್ಣ ಫೋನಿನಲ್ಲಿ ನಕ್ಕ:
"ಏನವಾ, ಠೇವಣಿನರ ಉಳೀತದೋ ಇಲ್ಲೋ?"

ಮುದುಕಿ ಬಿಸ್ಕೀಟಿನ ಡಬ್ಬಿ ತೆರೆದಳು.
ಮೇಲೆ ನೂಲಿನುಂಡೆ, ಕೆಳಗೆ ಕರಾರುಪತ್ರ.
ಆರನೇ ಕಲಮಿಗೆ ಬೆರಳಿಟ್ಟು
ಕೊಂಕಣಿಯಲ್ಲಿ ಶುರುಮಾಡಿ, ಹಿಂದಿಯಲ್ಲಿ ಬೈದು,
ಲೆಕ್ಕ ಮಾತ್ರ ಪೋರ್ಚುಗೀಸಿನಲ್ಲಿ ಎಣಿಸಿದಳು:
ಮೊಳೆಯ ತೂತು ಮೂರು
(ಟೂತ್‌ಪೇಸ್ಟು ತುಂಬಿದ್ದೆ, ಮೂಸಿ ಕಂಡುಹಿಡಿದಳು),
ಸೋರುವ ನಲ್ಲಿ, ಕಟ್ಟೆಯ ಮೇಲಿನ ಅರಿಶಿನದ ಕಲೆ,
ಕೊಡದೇ ಹೋದ ನೋಟೀಸು.

ಕೊಟ್ಟಿದ್ದೆ. ರಾತ್ರಿಪಾಳಿ ಮುಗಿಸಿ ಬಂದು
ನರ್ಸಿನ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದ್ದೆ.
ಬಂಗಡೆ ಕೊಯ್ಯುತ್ತ "ಹೊಯ್ ಬಾಯ್, ಹೊಯ್" ಅಂದಿದ್ದಳು.
ಈಗ ಬಂಗಡೆಯನ್ನು ಸಾಕ್ಷಿಗೆ ಕರೆಯಲೇ?

ಮೂರು ದಿನ ಜಗಳ. ನಾಲ್ಕನೆಯ ದಿನ
ಚಹಾ ಕೊಟ್ಟು, ದನಿ ಇಳಿಸಿದಳು.
ದುಡ್ಡಿಲ್ಲ ಮಗಾ.
ಅರ್ಧ, ನಿನ್ನ ಮೊದಲಿದ್ದ ಲಿಸಿ ಟೀಚರಿಗೆ ವಾಪಸು ಹೋಯಿತು.
ಅರ್ಧ, ಜೂನಿನಲ್ಲಿ ಹೆಂಚಾಯಿತು.
ಇಡೀ ಮಳೆಗಾಲ ನಿನ್ನ ದುಡ್ಡಿನ ಕೆಳಗೇ ಮಲಗಿದ್ದೆ,
ಬಿತ್ತೇ ಒಂದು ಹನಿ?

ಬಿದ್ದಿರಲಿಲ್ಲ.

ಹೊಸಬಳು ಬರಲಿ, ಅವಳು ಕೊಟ್ಟದ್ದು ನಿನಗೆ, ಎಂದಳು.
ಕೋಣೆ ತೋರಿಸುವ ಕೆಲಸ ಹೀಗೆ ನನಗೇ ಬಂತು.

ಭಾನುವಾರ. ಎಂಟಕ್ಕೆ ಒರೆಸಿದೆ, ಹತ್ತಕ್ಕೆ ಒರೆಸಿದೆ,
ಹತ್ತೂವರೆಗೆ ಕಿಟಕಿಯ ದಂಡೆ
ಮತ್ತೆ ಕಾಡಿಗೆ ಬಳಿದುಕೊಂಡು ಕೂತಿತ್ತು.
ಕಲ್ಲಿದ್ದಲ ಹಡಗು ಬಂದ ವಾರ ಅದು.
ನಾನು ಎದ್ದು ಹೊರಟದ್ದೂ ಇದಕ್ಕೇ:
ಹಗಲು ಮಲಗುವವಳಿಗೆ
ಮುಚ್ಚಿದರೆ ಸೆಕೆ, ತೆರೆದರೆ ಕಪ್ಪು ಕಫ.

ಬಂದವಳು ತಸ್ಕೀನ್. ದಾಂಡೇಲಿಯವಳು,
ಹಡಗುಕಟ್ಟೆಯ ಆಫೀಸಿನಲ್ಲಿ ಮೊದಲ ನೌಕರಿ.
ಬಾಗಿಲಲ್ಲೇ ಕನ್ನಡದಲ್ಲಿ "ಅಕ್ಕಾ" ಅಂದುಬಿಟ್ಟಳು.
ಹಿಂದಿಯಾಗಿದ್ದರೆ ಸ್ವಲ್ಪ ಸಲೀಸಿತ್ತು.

ನಲ್ಲಿ ಸೋರುತ್ತದೆ, ಎಂದೆ. ಮೂರೂ ತೂತು ತೋರಿಸಿದೆ.
ಬಾಯಿ ಮೀನುಸಾರು ತಂದರೆ ಬೇಡ ಅನ್ನಬೇಡ, ಬೇಜಾರಾಗುತ್ತಾಳೆ.
ನೋಟೀಸು ಬರೆದೇ ಕೊಡು. ಸಹಿ ಹಾಕಿಸಿಕೋ.
ನಿಜವನ್ನೇ ಹೇಳುತ್ತಿದ್ದೆ, ಒಂದರ ಬೆನ್ನಿಗೊಂದು,
ಉಸಿರು ಬಿಡದೆ.
"ಗಾಳಿ ಬರ್ತದೇನ್ರಿ ಅಕ್ಕಾ?"

ಆಗ ನೆನಪಾದಳು ಲಿಸಿ ಟೀಚರು.
ಏಪ್ರಿಲಿನಲ್ಲಿ, ನನಗೆ ಕೋಣೆ ತೋರಿಸುತ್ತ
ಅಷ್ಟೂ ಹೊತ್ತು ಅಲ್ಲಾಡದೆ ಕಿಟಕಿಗೇ ಒರಗಿದ್ದವಳು.
ಹೊರಟಾಗ ಬಿಳಿ ಸೀರೆಯ ಸೊಂಟಕ್ಕೆ ಅಡ್ಡವಾಗಿ ಒಂದು ಕರಿ ಗೆರೆ.
ಬಸ್ಸಿನ ಕೊಳೆ ಅಂದುಕೊಂಡಿದ್ದೆ.

ನನ್ನ ಬೆನ್ನಿಗೂ ದಂಡೆ ತಣ್ಣಗೆ ತಾಕುತ್ತಿತ್ತು.
ಬರ್ತದೆ, ಎಂದೆ. ಸಮುದ್ರದ ಗಾಳಿ.

ಬುಧವಾರ ಹದಿನೆಂಟು ಸಾವಿರದ ನಾನೂರು ಕೈಗೆ ಬಂತು.
ತೂತಿನದು ಮಾಫಿ, ನಲ್ಲಿಯದು, ಅರಿಶಿನದ್ದು ಕಡಿತ.
ಹುಡುಗಿ ಬ್ಯಾಂಕಿನಿಂದ ತಂದ ಹೊಸ ನೋಟು,
ಮುದುಕಿ ನೂಲಿನಲ್ಲಿ ಕಟ್ಟಿ ಕೊಟ್ಟಳು.
ಫೋಂಡಾ ಬಸ್ಸಿನಲ್ಲಿ ಅಣ್ಣನಿಗೆ ಫೋನು ಮಾಡಿ
ಠೇವಣಿ ಉಳೀತು, ಎಂದೆ.
ಗೆದ್ದೆಯೇನು ಅಂತ ಅವನು ಕೇಳಲಿಲ್ಲ.

ನಿನ್ನೆ ಹುಡುಗಿಯ ಮೆಸೇಜು:
ಅಕ್ಕಾ, ಕಿಟಕಿಗೆ ಪರದೆ ತರಬೇಕು,
ಬಿಳಿಯದು ಚಂದ ಕಾಣಬಹುದಾ?

ಎರಡು ಸಲ ಬರೆದು ಅಳಿಸಿದೆ.
ಗಾಢ ಬಣ್ಣದ್ದು ತಗೋ, ಎಂದು ಕಳಿಸಿದೆ.